ಹೆದ್ದಾರಿ ಗೋಡೆಗೆ ಚಿತ್ರ ಬರೆಯಬೇಕಂತೆ. ಏನು ಬರೆಯುವುದು, ಯಾರ ಪರವಾಗಿ?

ಉಪ್ಪಳದ ಡ್ರಾಯಿಂಗ್ ಟೀಚರ್ · ಶುಕ್ರವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ, ರಜೆ ಸಿಕ್ಕಾಗ ಪೈಂಟಿಂಗ್ ಮಾಡುತ್ತೇನೆ. ಮೂರು ದಿನದಿಂದ ಒಂದು ಪ್ರಶ್ನೆ ಕೊರೆಯುತ್ತಿದೆ. ಇಲ್ಲಿ ಕೇಳಿದರೆ ದಾರಿ ಸಿಗಬಹುದು ಅನಿಸಿತು.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ತಲಪಾಡಿಯಿಂದ ಚೆಂಗಳದವರೆಗೆ ಸುಮಾರು 39 ಕಿಲೋಮೀಟರ್ ರಾಷ್ಟ್ರೀಯ ಹೆದ್ದಾರಿ 66 ಈಗ ಆರು ಪಥ. ಅದು ನಮ್ಮ ಊರಿನ ನಡುವೆಯೇ ಹೋಗುತ್ತದೆ. ನಮ್ಮಲ್ಲಿ ಮಣ್ಣು ಹಾಕಿ ರಸ್ತೆಯನ್ನು ಎತ್ತರಿಸಿದ್ದಾರೆ. ಎರಡೂ ಬದಿಗೆ ಕಾಂಕ್ರೀಟ್ ಗೋಡೆ, ಎರಡು ಆಳು ಎತ್ತರ. ಮೊದಲು ರಸ್ತೆ ದಾಟಿದರೆ ರೇಶನ್ ಅಂಗಡಿ, ಅಂಗನವಾಡಿ, ಮದ್ರಸ, ಭಜನಾ ಮಂದಿರ. ಈಗ ಸರ್ವಿಸ್ ರೋಡಿನಲ್ಲಿ ಅಂಡರ್‌ಪಾಸ್ ತನಕ ನಡೆದು, ಆಚೆ ಬದಿಯಲ್ಲಿ ಅಷ್ಟೇ ದೂರ ವಾಪಸ್ ಬರಬೇಕು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅವರ ತಂಗಿಯ ಮನೆ ರಸ್ತೆಯ ಆಚೆ. ಮೊದಲು ಜಗಲಿಯಲ್ಲಿ ಕೂತರೆ ತಂಗಿಯ ಮನೆಯ ಮಾಡು ಕಾಣುತ್ತಿತ್ತು. ಸಂಜೆ ಆಚೆ ದೀಪ ಹಚ್ಚಿದ್ದು ನೋಡಿ ಇವರು ಇಲ್ಲಿ ದೀಪ ಹಚ್ಚುತ್ತಿದ್ದರು. ಈಗ ಜಗಲಿಯಿಂದ ಕಾಣುವುದು ಗೋಡೆ ಮಾತ್ರ. ಮಂಡಿನೋವಿನಲ್ಲಿ ಅಷ್ಟು ದೂರ ಸುತ್ತಿ ಹೋಗುವುದನ್ನು ಅವರು ಬಿಟ್ಟೇಬಿಟ್ಟಿದ್ದಾರೆ.

ಮೊನ್ನೆ ಕ್ಲಬ್ಬಿನ ಹುಡುಗರು ಬಂದರು. "ಟೀಚರ್, ಗೋಡೆಗೆ ಚಂದ ಚಿತ್ರ ಬರೆಯುವ. ಯಕ್ಷಗಾನ, ತೆಯ್ಯಂ, ಕಂಬಳ, ಬೇಕಲ ಕೋಟೆ. ಪೈಂಟಿನ ಖರ್ಚು ನಾವು ನೋಡಿಕೊಳ್ಳುತ್ತೇವೆ." ಒಳ್ಳೆ ಮನಸ್ಸಿನ ಹುಡುಗರು. ಅಷ್ಟು ಉದ್ದದ ಗೋಡೆ ಅಂದರೆ ನನಗೂ ಆಸೆಯೇ. ಆದರೆ ಹೂಂ ಅನ್ನಲು ಬಾಯಿ ಬರಲಿಲ್ಲ. ಊರನ್ನು ಎರಡು ಮಾಡಿದ ಗೋಡೆಯ ಮೇಲೆ ನಾನು ಕಿರೀಟ ಬರೆದರೆ ಯಾರ ಕೆಲಸ ಮಾಡಿದ ಹಾಗಾಯಿತು? ಊರಿನ ಪರವಾಗಿ ಮಾತಾಡಿದ ಹಾಗೋ, ಗೋಡೆಯ ಪರವಾಗಿ ಮಾತಾಡಿದ ಹಾಗೋ?

ಪೇಟೆಯ ಅಂಚಿನಲ್ಲಿರುವ ನಮ್ಮಂಥ ಊರುಗಳಿಗೆ ಒಬ್ಬ ಕಲಾವಿದ ನಿಜವಾಗಿ ಏನು ಮಾಡಿಕೊಡಬಹುದು? ನೀವು ಕಂಡದ್ದು, ಮಾಡಿದ್ದು ಇದ್ದರೆ ಹೇಳಿ.

ತಲಪಾಡಿ ಗಡಿಯವ · ಶುಕ್ರವಾರ, ರಾತ್ರಿ 9:48

ಬರೆಯಿರಿ ಟೀಚರ್. ಜಾಸ್ತಿ ಯೋಚನೆ ಬೇಡ. ನಾನು ದಿನಾ ಮಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವ. ಬಸ್ಸಿನ ಕಿಟಕಿಯಿಂದ ಬರೀ ಬೂದು ಗೋಡೆ, ಅದರ ಮೇಲೆ ಎಲೆಕ್ಷನ್ ಪೋಸ್ಟರು. ಒಂದು ಚಂದದ ಚಿತ್ರ ಕಂಡರೆ ಮನಸ್ಸಿಗೆ ಎಷ್ಟೋ ಹಿತ. ಅದು ಕಡಿಮೆ ಕೆಲಸ ಅಲ್ಲ.

ಪೆರ್ಲದ ಮಾಷ್ಟ್ರು · ಶುಕ್ರವಾರ, ರಾತ್ರಿ 10:30

ಟೀಚರ್, ಈ ಪ್ರಶ್ನೆ ನಮ್ಮ ನೆಲಕ್ಕೆ ಹೊಸತಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆಗ ಇಲ್ಲಿನ ಕನ್ನಡಿಗರ ಪರವಾಗಿ ಗಟ್ಟಿಯಾಗಿ ಕೂಗಿದವರಲ್ಲಿ ಕವಿಗಳೇ ಮುಂದೆ ಇದ್ದರು. ಕಯ್ಯಾರ ಕಿಞ್ಞಣ್ಣ ರೈಗಳ ಪದ್ಯ ಹಾಡದ ಮೆರವಣಿಗೆ ಇರಲಿಲ್ಲ ಎಂದು ನನ್ನ ತಂದೆ ಹೇಳುತ್ತಿದ್ದರು. 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ವರದಿ ಕೊಟ್ಟಿತು. ಅದು ಕಡತದಲ್ಲೇ ಉಳಿಯಿತು. ಕಯ್ಯಾರರು 2015ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು. ಕೊನೆಯ ತನಕ ಅವರು ಆ ಮಾತು ಬಿಡಲಿಲ್ಲ.

ನನಗೆ ಅವರಲ್ಲಿ ತುಂಬಾ ದೊಡ್ಡದು ಅನಿಸುವುದು ಬೇರೆ ಸಂಗತಿ. ಅವರು ಪದ್ಯ ಬರೆದು ಮನೆಯಲ್ಲಿ ಕೂರಲಿಲ್ಲ. ಪೆರಡಾಲದಲ್ಲಿ ಮಕ್ಕಳಿಗೆ ಪಾಠ ಹೇಳಿದರು. ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿ ಕುರ್ಚಿಯಲ್ಲೂ ಕೂತರು. ಕವಿ ಅಂದರೆ ಊರಿನ ಅರ್ಜಿ ಕೈಯಲ್ಲಿ ಹಿಡಿದು ಹೋಗುವವನೂ ಹೌದು ಎಂದು ನಮಗೆ ತೋರಿಸಿದರು. ಈಗಿನ ಕಲಾವಿದರನ್ನು ನಾನು ಅಳೆಯುವುದು ಅದೇ ಕೋಲಿನಿಂದ. ಚಿತ್ರ ಮುಗಿದ ಮಾರನೇ ದಿನ ಅವರು ಎಲ್ಲಿರುತ್ತಾರೆ?

ಬೆಂಗಳೂರಿನಲ್ಲಿರುವ ಕುಂಬಳೆಯವ · ಶನಿವಾರ, ಬೆಳಿಗ್ಗೆ 7:15

ಕಲಾವಿದ ಬಾದಲ್ ನಂಜುಂಡಸ್ವಾಮಿ ಹೆಸರು ಕೇಳಿರುತ್ತೀರಿ. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಕಲಿತವರು. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ರಸ್ತೆ ನಡುವೆ ದೊಡ್ಡ ಗುಂಡಿ ಬಿದ್ದು ನೀರು ನಿಂತಿತ್ತು. ಅವರು ಗುಂಡಿಯ ಸುತ್ತ ಬಣ್ಣ ಬಳಿದು, ಒಂದು ಮೊಸಳೆ ಮಾಡಿ ಅದರಲ್ಲಿ ಬಿಟ್ಟರು. ಫೋಟೊ ಎಲ್ಲ ಕಡೆ ಹೋಯಿತು, ಗುಂಡಿ ಮುಚ್ಚಿದರು. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2 ಇಳಿಯುವ ಹೊತ್ತು. ಮಾಗಡಿ ರಸ್ತೆ ಕಡೆಯ ತುಂಗಾನಗರದಲ್ಲಿ ಗಗನಯಾತ್ರಿಯ ವೇಷದವರು ಚಂದ್ರನ ಮೇಲೆ ನಡೆದ ಹಾಗೆ ನಿಧಾನ ನಡೆಯುತ್ತಾರೆ. ಪಕ್ಕದಲ್ಲಿ ಆಟೋ ಹೋದಾಗ ಗೊತ್ತಾಗುತ್ತದೆ, ಇದು ಚಂದ್ರ ಅಲ್ಲ, ಗುಂಡಿ ಬಿದ್ದ ರಸ್ತೆ. ಮರುದಿನವೇ ಜಲ್ಲಿ ತಂದು ಸುರಿದರು.

ನಾನು ಆಗ ಆ ಕಡೆಯೇ ಬಾಡಿಗೆಗಿದ್ದೆ. ನಾವು ಬಾಡಿಗೆಯವರು, ಹೊಸ ಬಡಾವಣೆಯವರು, ಎಷ್ಟೋ ಸಲ ದೂರು ಕೊಟ್ಟಿದ್ದೆವು. ದೂರಿಗೆ ನಂಬರ್ ಸಿಗುತ್ತಿತ್ತು, ಜಲ್ಲಿ ಸಿಗುತ್ತಿರಲಿಲ್ಲ. ಆ ವಿಡಿಯೋ ಇದ್ದದ್ದು ಸುಮಾರು ಒಂದು ನಿಮಿಷ. ಆದರೆ ಅದರಲ್ಲಿ ಜಾಗ ಯಾವುದು ಎಂದು ಸ್ಪಷ್ಟ ಇತ್ತು. ಏನು ಬೇಕು ಎಂದೂ ಸ್ಪಷ್ಟ ಇತ್ತು. ಟೀಚರ್, ನಿಮ್ಮ ಗೋಡೆಯ ಚಿತ್ರ ನೋಡಿದವರಿಗೂ ಈ ಎರಡು ಗೊತ್ತಾಗಬೇಕು ಅಂತ ನನಗೆ ಅನಿಸುತ್ತದೆ.

ಪಡ್ರೆ ಕಡೆಯವಳು · ಶನಿವಾರ, ಮಧ್ಯಾಹ್ನ 1:05

ನಾನು ಇಲ್ಲಿ ಬರೆಯುವುದು ಕಡಿಮೆ. ಆದರೆ ಈ ವಿಷಯಕ್ಕೆ ಸುಮ್ನೆ ಇರಲು ಆಗಲಿಲ್ಲ.

ನಮ್ಮ ಎಣ್ಮಕಜೆ ಪಂಚಾಯತಿನ ಗುಡ್ಡಗಳಲ್ಲಿ ಸರಕಾರಿ ಗೇರು ತೋಟ ಇದೆ. 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಅದು ತೋಡಿಗೆ, ನೀರಿಗಾಗಿ ಗುಡ್ಡ ಕೊರೆದ ಸುರಂಗಕ್ಕೆ, ಕೆರೆಗೆ ಇಳಿಯಿತು. ದನದ ಕರುಗಳು ಅಂಗ ಊನವಾಗಿ ಹುಟ್ಟಿದಾಗ ಅದನ್ನು ಮೊದಲು ಬರೆದವರು ನಮ್ಮ ಊರಿನವರೇ ಆದ ಪತ್ರಕರ್ತ ಶ್ರೀಪಡ್ರೆ. ಆಮೇಲೆ ಮಕ್ಕಳು. ಮಲಯಾಳ ಪತ್ರಿಕೆ ಮಾತೃಭೂಮಿಯ ಫೋಟೊಗ್ರಾಫರ್ ಮಧುರಾಜ್ ತೆಗೆದ ಚಿತ್ರಗಳು ಊರೂರು ಪ್ರದರ್ಶನವಾದವು. ಅಲ್ಲಿಯ ತನಕ ತಿರುವನಂತಪುರದವರಿಗೆ ನಮ್ಮ ಊರು ನಕ್ಷೆಯ ತುದಿಯ ಒಂದು ಚುಕ್ಕೆ. ಆ ಚಿತ್ರಗಳಲ್ಲಿ ಮಕ್ಕಳ ಮುಖ ನೋಡಿದ ಮೇಲೆ ಯಾರೂ "ಗೊತ್ತಿರಲಿಲ್ಲ" ಎನ್ನುವ ಹಾಗಿರಲಿಲ್ಲ.

ಕಾಸರಗೋಡು ಹೊಸ ಬಸ್ ನಿಲ್ದಾಣದ ಹತ್ತಿರ ಒಂದು ಮರಕ್ಕೆ ಬಟ್ಟೆ ಸುತ್ತಿ ಜನರ ಸಹಿ ತೆಗೆದುಕೊಂಡರು. ‘ಒಪ್ಪುಮರಂ’ ಎಂದು ಹೆಸರು. ಮಲಯಾಳದಲ್ಲಿ ಒಪ್ಪು ಅಂದರೆ ಸಹಿ, ನಮ್ಮ ಕನ್ನಡದಲ್ಲಿ ಒಪ್ಪು ಅಂದರೆ ಒಪ್ಪಿಗೆ. ಎರಡೂ ಅರ್ಥ ಆ ಮರಕ್ಕೆ ಸರಿಯಾಗಿತ್ತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸಭೆಯಲ್ಲಿ ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದರು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ತಡೆ ಹಾಕಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಎಂದಿತು. ಇದು ಕಲೆಯಿಂದ ಮಾತ್ರ ಆಯಿತು ಎಂದು ನಾನು ಹೇಳುವುದಿಲ್ಲ. ಡಾಕ್ಟರು, ವಕೀಲರು, ಪತ್ರಕರ್ತರು, ಎಲ್ಲರಿಗಿಂತ ಮೇಲೆ ತಾಯಂದಿರು. ಆದರೆ ಕಣ್ಣು ತೆರೆಸಿದ್ದರಲ್ಲಿ ಆ ಚಿತ್ರಗಳ ಪಾಲು ದೊಡ್ಡದು. ನಮ್ಮ ಜಿಲ್ಲೆಯವರೇ ಆದ ಶಿಲ್ಪಿ ಕಾನಾಯಿ ಕುಞ್ಞಿರಾಮನ್ ವಿದ್ಯಾನಗರದ ಜಿಲ್ಲಾ ಪಂಚಾಯತ್ ಆವರಣದಲ್ಲಿ ತಾಯಿ ಮಗುವಿನ ದೊಡ್ಡ ಶಿಲ್ಪ ಮಾಡಿದ್ದಾರೆ. ಕಲೆಕ್ಟರ ಕಚೇರಿಗೆ ಪೆನ್ಶನ್ ವಿಷಯಕ್ಕೆ ಹೋದಾಗಲೆಲ್ಲ ಅದರ ಎದುರು ಒಂದು ನಿಮಿಷ ನಿಲ್ಲುತ್ತೇನೆ.

ಇನ್ನೊಂದು ಮಾತು ಹೇಳಲೇಬೇಕು. ಒಮ್ಮೆ ಕ್ಯಾಮರಾದ ದಾರಿ ತೆರೆದ ಮೇಲೆ ಎಲ್ಲರೂ ಬಂದರು. ನಮ್ಮ ಪಕ್ಕದ ಮನೆಗೆ ಒಂದೇ ವರ್ಷದಲ್ಲಿ ಎಷ್ಟೋ ಜನ. ಒಬ್ಬರು ಬಂದು, ಒಳಗೆ ಕತ್ತಲೆ, ಮಗುವನ್ನು ಅಂಗಳಕ್ಕೆ ತನ್ನಿ ಎಂದರು. ತಾಯಿ ತಂದರು. ಬಿಸಿಲು. ಮಗು ಅಳುತ್ತಿತ್ತು. ಅವರು ಇನ್ನೊಂದು, ಇನ್ನೊಂದು ಎಂದು ತೆಗೆಯುತ್ತಲೇ ಇದ್ದರು. ಆ ಫೋಟೊ ಎಲ್ಲಿ ಹೋಯಿತು ಎಂದು ಆ ತಾಯಿಗೆ ಇಂದಿಗೂ ತಿಳಿದಿಲ್ಲ. ಸಂತ್ರಸ್ತರ ಪಟ್ಟಿಗೆ ಹೆಸರು ಸೇರಿಸಲು ಮೆಡಿಕಲ್ ಕ್ಯಾಂಪಿಗೆ ಜೀಪು ಮಾಡಿಕೊಂಡು ಹೋಗಬೇಕಾದಾಗ ಅವರ ಜೊತೆ ಹೋದದ್ದು ಅಂಗನವಾಡಿ ಟೀಚರ್ ಮಾತ್ರ.

ಟೀಚರ್, ನೀವು ಅಜ್ಜಿಯ ಕತೆ ಬರೆದಿರಿ. ಓದಿ ಕಣ್ಣು ತುಂಬಿತು. ಗೋಡೆಗೆ ಅವರ ಚಿತ್ರ ಬರೆಯುವ ಯೋಚನೆ ಇದ್ದರೆ ಮೊದಲು ಅವರನ್ನು ಕೇಳಿ. ಬರೆದ ಮೇಲೆ ಅವರಿಗೇ ಮೊದಲು ತೋರಿಸಿ.

ಉಪ್ಪಳದ ಡ್ರಾಯಿಂಗ್ ಟೀಚರ್ · ಶನಿವಾರ, ಮಧ್ಯಾಹ್ನ 2:40

ಅಕ್ಕ, ನಿಮ್ಮ ಮಾತು ನನಗೆ ಚೆನ್ನಾಗಿ ತಟ್ಟಿತು. ನಿಜ ಹೇಳುತ್ತೇನೆ, ಅಜ್ಜಿಯ ಮುಖವನ್ನೇ ಗೋಡೆ ತುಂಬ ಬರೆಯಬೇಕು ಎಂದು ನಿನ್ನೆ ರಾತ್ರಿ ಸ್ಕೆಚ್ ಮಾಡಿಟ್ಟಿದ್ದೆ. ಅವರನ್ನು ಕೇಳಿರಲಿಲ್ಲ. ನಾಳೆ ಅವರ ಮನೆಗೆ ಹೋಗುತ್ತೇನೆ.

ಮೊಗ್ರಾಲ್ ಹುಡುಗ · ಶನಿವಾರ, ಸಂಜೆ 6:10

ನಾನು ಕನ್ನಡ ಮೀಡಿಯಂನಲ್ಲಿ ಓದಿದವ. ಮನೆಯಲ್ಲಿ ಮಲಯಾಳ, ಅಂಗಡಿಯಲ್ಲಿ ತುಳು, ಗೆಳೆಯರ ಜೊತೆ ಎಲ್ಲವೂ. ನಮ್ಮ ಊರು ಮಾಪಿಳ್ಳೆಪ್ಪಾಟು ಎಂಬ ಮುಸ್ಲಿಮರ ಜನಪದ ಹಾಡಿಗೆ ಹೆಸರಾದದ್ದು, ಹಾಗಾಗಿ ಹಾಡು ನಮ್ಮ ರಕ್ತದಲ್ಲಿದೆ. ನಾನು ರ‍್ಯಾಪ್ ಮಾಡುತ್ತೇನೆ, ಸಣ್ಣ ವಿಡಿಯೋ ಮಾಡುತ್ತೇನೆ.

ಕಳೆದ ಮಳೆಗಾಲ ಸರ್ವಿಸ್ ರೋಡಿನಲ್ಲಿ ಮೊಣಕಾಲುದ್ದ ನೀರು. ಚರಂಡಿ ಇದೆ, ಆದರೆ ಅದರ ಬಾಯಿ ರಸ್ತೆಗಿಂತ ಮೇಲೆ. ನೀರು ಹೋಗುವುದು ಹೇಗೆ? ಅದರ ಮೇಲೆ ಒಂದು ಹಾಡು ಕಟ್ಟಿದೆ. ಅರ್ಧ ಕನ್ನಡ, ಅರ್ಧ ಮಲಯಾಳ, ನಡುವೆ ತುಳು. ಒಬ್ಬ ಅಂಗಡಿಯವರ ಒಳಗೆ ನೀರು ನುಗ್ಗಿ ಅಕ್ಕಿ ಮೂಟೆ ಹಾಳಾಗಿತ್ತು. ಅದನ್ನೂ ಶೂಟ್ ಮಾಡಿ ಹಾಕಿದೆ. ತುಂಬಾ ಜನ ನೋಡಿದರು. ವಾರ್ಡ್ ಮೆಂಬರ್ ಬಂದರು, ಜೆಸಿಬಿ ಬಂತು, ಮಣ್ಣು ತೆಗೆದರು.

ಆದರೆ ಆ ಅಂಗಡಿಯವರು ನನ್ನ ಜೊತೆ ಮಾತು ಬಿಟ್ಟರು. "ನನ್ನ ಅಂಗಡಿಯ ಅಕ್ಕಿ ಹಾಳು ಎಂದು ಊರಿಗೆಲ್ಲ ತೋರಿಸಿದೆಯಲ್ಲ, ಇನ್ನು ಯಾರು ಬರುತ್ತಾರೆ?" ಎಂದರು. ನಾನು ಅವರಿಗಾಗಿ ಹಾಡು ಮಾಡಿದೆ ಅಂದುಕೊಂಡಿದ್ದೆ. ಅವರನ್ನು ಕೇಳಲೇ ಇಲ್ಲ. ಪಡ್ರೆಯ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಆಮೇಲೆ ಹೋಗಿ ಕ್ಷಮೆ ಕೇಳಿ ಆ ಭಾಗ ತೆಗೆದುಹಾಕಿದೆ. ಈಗ ಮಾತಾಡುತ್ತಾರೆ.

ಟೀಚರ್, ಒಂದು ವಿನಂತಿ. ಗೋಡೆ ಎಲ್ಲರ ಮನೆ ನಡುವೆಯೂ ಬಂದಿದೆ. ಬ್ಯಾರಿ ಮನೆ, ಕೊಂಕಣಿ ಮನೆ ಎಂದು ನೋಡಲಿಲ್ಲ. ಚಿತ್ರದಲ್ಲಿ ಎಲ್ಲರೂ ಇರಲಿ. ನಾವು ಸಪ್ತಭಾಷೆಯ ನಾಡು ಎಂದು ಭಾಷಣದಲ್ಲಿ ಮಾತ್ರ ಹೇಳಿದರೆ ಸಾಲದು, ಅಲ್ವಾ?

ಚೆನ್ನೈವಾಸಿ, ಊರು ಮುಳ್ಳೇರಿಯ · ಶನಿವಾರ, ರಾತ್ರಿ 10:50

ಚೆನ್ನೈಯ ಎರಡು ಉದಾಹರಣೆ ಹೇಳುತ್ತೇನೆ. ಎರಡೂ ನಗರದ ಹೊರಗಿನ ಜಾಗ.

ಒಂದು ಕಣ್ಣಗಿ ನಗರ. 2000ದ ನಂತರ ನಗರದೊಳಗಿನ ಕೊಳೆಗೇರಿಗಳಿಂದ ಎಬ್ಬಿಸಿದ ಜನರನ್ನು ತಂದು ಇಟ್ಟ ಕಾಲೋನಿ. ಕೆಲಸ ನಗರದಲ್ಲಿ, ಮನೆ ಅಷ್ಟು ದೂರದಲ್ಲಿ. ಊರಿನ ಹೆಸರು ಹೇಳಿದರೆ ಕೆಲಸ ಸಿಗುವುದಿಲ್ಲ ಎಂದು ಅಲ್ಲಿನ ಹುಡುಗರು ನನಗೆ ಹೇಳಿದ್ದಾರೆ. 2020ರ ಹೊತ್ತಿಗೆ ಸ್ಟಾರ್ಟ್ ಇಂಡಿಯಾ ಸಂಸ್ಥೆಯವರು ಕಲಾವಿದರನ್ನು ಕರೆತಂದು ಕಟ್ಟಡಗಳ ಗೋಡೆ ತುಂಬ ದೊಡ್ಡ ದೊಡ್ಡ ಚಿತ್ರ ಬರೆಸಿದರು. ನಾನು ಹೋಗಿ ನೋಡಿದೆ. ಚಂದ ಇದೆ. ಹೊರಗಿನ ಜನ ಅಲ್ಲಿಗೆ ಹೋಗಲು ಶುರು ಮಾಡಿದರು, ಅಲ್ಲಿನ ಮಕ್ಕಳು ಚಿತ್ರದ ಮುಂದೆ ಹೆಮ್ಮೆಯಿಂದ ನಿಲ್ಲುತ್ತಾರೆ. ಆ ಹೆಮ್ಮೆಯನ್ನು ಸಣ್ಣದು ಎನ್ನಲು ನನಗೆ ಮನಸ್ಸಿಲ್ಲ. ಆದರೆ ಒಬ್ಬರು ಹೆಂಗಸು ಕೊಡ ಹಿಡಿದು ನೀರಿನ ಲಾರಿಗೆ ಕಾಯುತ್ತಾ ಹೇಳಿದ ಮಾತು ಮರೆಯುವುದಿಲ್ಲ. "ಗೋಡೆಗೆ ಬಣ್ಣ ಬಂತು. ನಳಕ್ಕೆ ನೀರು ಯಾವಾಗ?"

ಇನ್ನೊಂದು ಎಣ್ಣೂರು, ಚೆನ್ನೈಯ ಉತ್ತರದ ತುದಿ. ಮೀನುಗಾರರ ಊರು. ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ ಅಲ್ಲಿನ ಅಳಿವೆಯನ್ನು ತುಂಬಿತು. 2017ರಲ್ಲಿ ಗಾಯಕ ಟಿ.ಎಂ. ಕೃಷ್ಣ ಅದೇ ಬೂದಿಯ ನಡುವೆ ನಿಂತು ಕರ್ನಾಟಕ ಸಂಗೀತದ ರಾಗಗಳಲ್ಲಿ ‘ಪೊರಂಬೋಕು’ ಎಂಬ ಪದದ ಮೇಲೆ ಹಾಡಿದರು. ನಮ್ಮ ಹಳೆ ಜಾಗದ ದಾಖಲೆಯಲ್ಲೂ ‘ಪರಂಬೋಕು’ ಇದೆ, ಹಿರಿಯರಿಗೆ ಗೊತ್ತು. ಯಾರ ಹೆಸರಿಗೂ ಇಲ್ಲದ, ಎಲ್ಲರಿಗೂ ಸೇರಿದ ಜಾಗ. ಆಮೇಲೆ ಅದು ಬೈಗುಳ ಆಯಿತು. ಆ ಪದದ ಮರ್ಯಾದೆ ತಿರುಗಿ ಕೊಟ್ಟದ್ದು ಆ ಹಾಡು. ಹಾಡಿನ ಹಿಂದೆ ಮೀನುಗಾರರ ವರ್ಷಗಟ್ಟಲೆಯ ಹೋರಾಟ ಇತ್ತು, ನಕ್ಷೆ ಇತ್ತು, ದಾಖಲೆ ಇತ್ತು. ಹಾಡು ಅದನ್ನು ಹೊತ್ತುಕೊಂಡು ಸಭಾಂಗಣದ ತನಕ ಹೋಯಿತು. ಕೃಷ್ಣ ಮತ್ತು ಗೆಳೆಯರು 2015ರಿಂದ ಊರೂರ್ ಓಲ್ಕಾಟ್ ಕುಪ್ಪಂ ಎಂಬ ಮೀನುಗಾರರ ಕೇರಿಯಲ್ಲೇ ಸಂಗೀತೋತ್ಸವ ಮಾಡಿದವರು. ಒಂದು ದಿನ ಬಂದು ಹೋದವರಲ್ಲ.

ಮಾಷ್ಟ್ರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ.

ತಲಪಾಡಿ ಗಡಿಯವ · ಭಾನುವಾರ, ಬೆಳಿಗ್ಗೆ 8:30

ಮೊನ್ನೆ ನಾನು ಜಾಸ್ತಿ ಯೋಚನೆ ಬೇಡ ಎಂದಿದ್ದೆ. ಇದನ್ನೆಲ್ಲ ಓದಿದ ಮೇಲೆ ನನಗೇ ಯೋಚನೆ ಬಂತು.

ಹೊಸಂಗಡಿ, ಮಂಜೇಶ್ವರ, ಉಪ್ಪಳ ಇವೆಲ್ಲ ನಿಜ ಹೇಳಬೇಕೆಂದರೆ ಮಂಗಳೂರಿನ ಹೊರವಲಯ. ಕೆಲಸ ಅಲ್ಲಿ, ಕಾಲೇಜು ಅಲ್ಲಿ, ಆಸ್ಪತ್ರೆ ಅಲ್ಲಿ, ಮದುವೆ ಜವಳಿ ಅಲ್ಲಿ. ಆದರೆ ಮಂಗಳೂರಿನ ಯಾವ ಕಚೇರಿಗೂ ನಾವು ಸೇರಿದವರಲ್ಲ. ನಮ್ಮ ಕಚೇರಿಗಳೆಲ್ಲ ದಕ್ಷಿಣಕ್ಕೆ, ಅಲ್ಲಿಂದ ಬರುವ ಕಾಗದ ನಮ್ಮ ಅಮ್ಮನಿಗೆ ಓದಲು ಬಾರದ ಭಾಷೆಯಲ್ಲಿ. ಬೇರೆ ನಗರದ ಅಂಚಿನವರಿಗೆ ಒಂದು ಅಂಚು. ನಮಗೆ ಎರಡು.

2020ರ ಮಾರ್ಚಿನಲ್ಲಿ ಕೊರೋನ ಬಂದಾಗ ಇದು ಗೊತ್ತಾಯಿತು. ಗಡಿ ರಸ್ತೆಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ತಲಪಾಡಿಯಲ್ಲಿ ಆ್ಯಂಬುಲೆನ್ಸ್ ನಿಂತಿತು. ಡಯಾಲಿಸಿಸ್‌ಗೆ ಮಂಗಳೂರಿಗೆ ಹೋಗುತ್ತಿದ್ದವರು ಇಲ್ಲೇ ಉಳಿದರು. ಚಿಕಿತ್ಸೆ ಸಿಗದೆ ಜನ ತೀರಿಕೊಂಡರು, ವಿಷಯ ಸುಪ್ರೀಂ ಕೋರ್ಟ್ ತನಕ ಹೋಯಿತು. ನನ್ನ ಮಾವ ಮದ್ದಿಗೆ ಹೋಗಲು ಆಗದೆ ಎಂಟು ದಿನ ನರಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಯಾರೂ ಚಿತ್ರ ಬರೆದಿಲ್ಲ, ಹಾಡು ಮಾಡಿಲ್ಲ. ನಾವೇ ನಾಲ್ಕು ಜನ ಕೂತಾಗ ಮಾತಾಡುತ್ತೇವೆ, ಅಷ್ಟೇ.

2018ರಲ್ಲಿ ಕಾಸರಗೋಡಿನ ಕನ್ನಡ ಶಾಲೆಯ ಕತೆ ಇಟ್ಟುಕೊಂಡು ರಿಷಬ್ ಶೆಟ್ಟಿ ಸಿನಿಮಾ ಮಾಡಿದರು, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಆಗ ಬೆಂಗಳೂರಿನ ಗೆಳೆಯರು ಫೋನ್ ಮಾಡಿ "ನಿಮ್ಮ ಊರಲ್ಲಿ ಹೀಗೆಲ್ಲ ಇದೆಯಾ?" ಎಂದು ಕೇಳಿದರು. ಅಷ್ಟು ವರ್ಷ ನಾನು ಹೇಳಿದಾಗ ಕೇಳಿಸಿರಲಿಲ್ಲ. ಟೀಚರ್, ಆ ಗೋಡೆ ಸಿಕ್ಕಿದೆ. ಅದನ್ನು ಬರೀ ಬಣ್ಣಕ್ಕೆ ಬಿಡಬೇಡಿ.

ಪೆರ್ಲದ ಮಾಷ್ಟ್ರು · ಭಾನುವಾರ, ಬೆಳಿಗ್ಗೆ 10:05

ಎಲ್ಲರ ಮಾತೂ ಸರಿ. ಒಂದು ಕಡೆ ಮಾತ್ರ ನನ್ನ ಭಿನ್ನಾಭಿಪ್ರಾಯ ಇದೆ. ಯಕ್ಷಗಾನದ ಕಿರೀಟ ಬರೆದರೆ ಅದು ಬರೀ ಅಲಂಕಾರ ಎನ್ನುವ ಹಾಗೆ ಮಾತು ಹೋಗುತ್ತಿದೆ. ನಮ್ಮಲ್ಲಿ ಅದು ಹಾಗಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇದು. ತನ್ನ ನೆಲದಲ್ಲೇ ಇದು ತನ್ನದು ಎಂದು ಹೇಳಬೇಕಾದವನಿಗೆ ಕಿರೀಟವೂ ಒಂದು ಮಾತೇ.

ಊರ ಹೆಸರು ನೋಡಿ. ಕಾರಡ್ಕ ಎಷ್ಟೋ ಬೋರ್ಡುಗಳಲ್ಲಿ ಕಾಡಗಂ, ಬೇಡಡ್ಕ ಬೇಡಗಂ, ಮಂಜೇಶ್ವರ ಮಂಜೇಶ್ವರಂ. 2021ರಲ್ಲಿ ಇದು ದೊಡ್ಡ ಸುದ್ದಿಯಾಯಿತು. ಹೆಸರು ಬದಲಿಸುವ ಯೋಚನೆ ಇಲ್ಲ ಎಂದು ಕೇರಳ ಸರಕಾರ ಹೇಳಿತು. ಆದರೆ ಬೋರ್ಡು ಬರೆಯುವವನ ಕೈಯಲ್ಲಿ ಹೆಸರು ತನ್ನಷ್ಟಕ್ಕೆ ಬದಲಾಗುತ್ತಾ ಹೋಗುತ್ತದೆ. 2017ರಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ನಮ್ಮ ಮಕ್ಕಳು ಬೀದಿಗೆ ಇಳಿದರು. ನಾನೂ ಅವರ ಜೊತೆ ನಡೆದೆ. ಹಾಗಾಗಿ ನನ್ನ ಕೋರಿಕೆ: ಗೋಡೆಯ ಮೇಲೆ ನಿಮ್ಮ ಊರಿನ ಹೆಸರು, ಆ ತೋಡಿನ ಹೆಸರು, ಬೈಲಿನ ಹೆಸರು ನಮ್ಮ ಹಿರಿಯರು ಕರೆದ ಹಾಗೆ ಕನ್ನಡ ಅಕ್ಷರದಲ್ಲಿ ಇರಲಿ. ಮೊಗ್ರಾಲಿನ ತಮ್ಮ ಹೇಳಿದ ಹಾಗೆ ಮಲಯಾಳದಲ್ಲೂ ಇರಲಿ. ನನಗೆ ಯಾರ ಭಾಷೆಯ ಮೇಲೂ ಸಿಟ್ಟಿಲ್ಲ.

ಮೊಗ್ರಾಲ್ ಹುಡುಗ · ಭಾನುವಾರ, ಬೆಳಿಗ್ಗೆ 10:20

ಮಾಷ್ಟ್ರೇ, ಹೆಸರಿನ ಪಟ್ಟಿ ಮಾಡಲು ನಾನು ಬರುತ್ತೇನೆ. ನನ್ನ ಅಜ್ಜನಿಗೆ ಗದ್ದೆಗಳ ಹೆಸರು ಒಂದೊಂದೂ ಬಾಯಿಗೆ ಬರುತ್ತದೆ.

ಮೈಸೂರಿನಲ್ಲಿ ಕಲೆ ಓದುವವಳು · ಭಾನುವಾರ, ಮಧ್ಯಾಹ್ನ 12:15

ನಮಗೆ ಕ್ಲಾಸಿನಲ್ಲಿ ಹೇಳಿದ ಒಂದು ಪ್ರಸಂಗ ನೆನಪಾಯಿತು. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ರಿಕ್ ಲೋ ಎಂಬ ಕಲಾವಿದರಿದ್ದಾರೆ. ಕರಿಯ ಜನರ ಬಡ ಕೇರಿಗಳ ಕಷ್ಟವನ್ನು ದೊಡ್ಡ ದೊಡ್ಡ ಚಿತ್ರಗಳಲ್ಲಿ ತೋರಿಸುತ್ತಿದ್ದರು. ಒಂದು ದಿನ ಶಾಲೆಯ ಮಕ್ಕಳು ಅವರ ಸ್ಟುಡಿಯೋಗೆ ಬಂದರು. ಒಬ್ಬ ಹುಡುಗ ಕೇಳಿದನಂತೆ: ನಮ್ಮ ಕಷ್ಟ ನಮಗೆ ಗೊತ್ತೇ ಇದೆ. ನೀವು ಕಲಾವಿದರಲ್ಲವಾ, ಪರಿಹಾರ ಯಾಕೆ ಮಾಡಬಾರದು? ಆ ಮಾತಿಗೆ ಅವರ ದಾರಿಯೇ ಬದಲಾಯಿತು. 1993ರಲ್ಲಿ ಥರ್ಡ್ ವಾರ್ಡ್ ಎಂಬ ಕೇರಿಯಲ್ಲಿ ಪಾಳುಬಿದ್ದ 22 ಸಣ್ಣ ಮನೆಗಳನ್ನು ಗೆಳೆಯರ ಜೊತೆ ಸೇರಿ ಸರಿಮಾಡಲು ಶುರು ಮಾಡಿದರು. ಕೆಲವು ಮನೆ ಕಲಾವಿದರಿಗೆ, ಕೆಲವು ಮನೆ ಒಂಟಿ ತಾಯಂದಿರಿಗೆ. ಅದು ಇಂದಿಗೂ ನಡೆಯುತ್ತಿದೆ.

ಎಲ್ಲರೂ ಮನೆ ಕಟ್ಟಬೇಕು ಎಂದು ನಾನು ಹೇಳುತ್ತಿಲ್ಲ. ಆದರೆ ಟೀಚರ್ ಊರಿನವರಿಗೆ ಗೋಡೆ ಇದೆ ಎಂದು ಚಿತ್ರ ಬರೆದು ಹೇಳಬೇಕಾಗಿಲ್ಲ. ಅದು ಅವರಿಗೆ ದಿನಾ ಗೊತ್ತು. ಚಿತ್ರದ ಎದುರು ನಿಂತು ಅವರು ಏನು ಕೇಳಬಹುದು, ಯಾರನ್ನು ಕೇಳಬಹುದು ಎಂಬುದು ಮುಖ್ಯ ಅನಿಸುತ್ತದೆ.

ಸಿವಿಲ್ ಕೆಲಸದವ, ಬದಿಯಡ್ಕ · ಭಾನುವಾರ, ಮಧ್ಯಾಹ್ನ 3:30

ನನಗೆ ಕಲೆ ಜಾಸ್ತಿ ಗೊತ್ತಿಲ್ಲ. ಗೋಡೆ ಗೊತ್ತು. ಕೆಲವು ವಿಷಯ ಮೊದಲೇ ಹೇಳಿದರೆ ಉಪಕಾರ.

ಆ ಗೋಡೆ ಹೆದ್ದಾರಿಯವರದ್ದು. ಲಿಖಿತ ಅನುಮತಿ ಇಲ್ಲದೆ ಮುಟ್ಟಬೇಡಿ, ಆಮೇಲೆ ಹುಡುಗರ ಮೇಲೆ ಕೇಸು ಬಿದ್ದರೆ ಕಷ್ಟ. ಗೋಡೆಯಲ್ಲಿ ಅಲ್ಲಲ್ಲಿ ನೀರು ಬಸಿಯುವ ತೂತುಗಳಿವೆ. ಅವನ್ನು ಯಾವ ಕಾರಣಕ್ಕೂ ಪುಟ್ಟಿ ಹಾಕಿ ಮುಚ್ಚಬೇಡಿ. ಒಳಗಿನ ಮಣ್ಣಿನಲ್ಲಿ ಮಳೆನೀರು ಕಟ್ಟಿದರೆ ಗೋಡೆಗೇ ಅಪಾಯ. ಚಿತ್ರ ಮಾಡುವಾಗ ಆ ತೂತುಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ನಮ್ಮ ಕಡೆ ಮಳೆಗೆ ಪಾಚಿ ಕಟ್ಟುತ್ತದೆ, ಸಮುದ್ರ ಹತ್ತಿರ, ಉಪ್ಪು ಗಾಳಿ ಬೇರೆ. ಗೋಡೆ ಉಜ್ಜಿ ತೊಳೆದು, ಚೆನ್ನಾಗಿ ಒಣಗಿದ ಮೇಲೆ ಹೊರಗೋಡೆಯ ಪ್ರೈಮರ್, ಆಮೇಲೆ ಹೊರಗೋಡೆಯ ಎಮಲ್ಷನ್. ಡಿಸೆಂಬರಿಗೆ ಮೊದಲು ಕೈ ಹಾಕಬೇಡಿ.

ಇನ್ನೊಂದು. ನಿಮಗೆ ದಾಟುವ ದಾರಿ ಬೇಕು ಅಂತಾದರೆ ಏನು ಕೇಳಬೇಕು ಎಂದು ತಿಳಿದು ಕೇಳಿ. ಎತ್ತರಿಸಿದ ರಸ್ತೆಯ ಕೆಳಗೆ ಈಗ ಹೊಸ ಅಂಡರ್‌ಪಾಸ್ ಮಾಡಲು ಸಾಧ್ಯ. ಕಾಂಕ್ರೀಟ್ ಪೆಟ್ಟಿಗೆಯನ್ನು ಬದಿಯಿಂದ ಮಣ್ಣಿನೊಳಗೆ ತಳ್ಳುವ ವಿಧಾನ ಇದೆ, ಬಾಕ್ಸ್ ಪುಶಿಂಗ್ ಅನ್ನುತ್ತಾರೆ, ರೈಲ್ವೆಯವರು ಮಾಡುತ್ತಾರೆ. ಆದರೆ ಖರ್ಚು ಹೆಚ್ಚು. ಮೇಲಿನಿಂದ ನಡೆದು ದಾಟುವ ಸೇತುವೆ ಬೇಗ ಆಗುತ್ತದೆ, ಆದರೆ ಮಂಡಿನೋವಿನ ಅಜ್ಜಿಗೆ ಅಷ್ಟು ಮೆಟ್ಟಿಲು ಆಗದು. ಮನವಿಯಲ್ಲಿ ಇದನ್ನು ಸ್ಪಷ್ಟ ಬರೆಯಿರಿ. ಸುಮ್ನೆ "ಸೌಕರ್ಯ ಕೊಡಿ" ಎಂದರೆ ಅವರಿಗೆ ಸುಲಭದ್ದು ಕೊಟ್ಟು ಕೈ ತೊಳೆಯುತ್ತಾರೆ.

ಉಪ್ಪಳದ ಡ್ರಾಯಿಂಗ್ ಟೀಚರ್ · ಮಂಗಳವಾರ, ರಾತ್ರಿ 8:45

ಎರಡು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ಓಡಾಟದಲ್ಲಿದ್ದೆ.

ಭಾನುವಾರ ಸಂಜೆ ಅಜ್ಜಿಯ ಮನೆಗೆ ಹೋದೆ. "ನನ್ನ ಮುಖ ಬೇಡ ಮಗಾ, ರಸ್ತೆಯಲ್ಲಿ ಹೋಗುವವರೆಲ್ಲ ನೋಡುವುದು ಬೇಡ" ಎಂದರು. ಮತ್ತೆ ಏನು ಬರೆಯಲಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಚೆ ಏನಿತ್ತೋ ಅದನ್ನು ಬರೆ" ಎಂದರು.

ಅಲ್ಲಿಗೆ ನನಗೆ ಚಿತ್ರ ಸಿಕ್ಕಿತು. ಈಚೆ ಗೋಡೆಯಲ್ಲಿ ಆಚೆ ಇರುವುದನ್ನು ಬರೆಯುವುದು, ಆಚೆ ಗೋಡೆಯಲ್ಲಿ ಈಚೆ ಇರುವುದನ್ನು. ಗೋಡೆ ಇಲ್ಲದಿದ್ದರೆ ಕಣ್ಣಿಗೆ ಏನು ಕಾಣುತ್ತಿತ್ತೋ ಅದೇ, ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ. ರೇಶನ್ ಅಂಗಡಿಯ ಎದುರಿಗೆ ಅಂಗಡಿ, ಅಂಗನವಾಡಿ ಎದುರಿಗೆ ಅಂಗನವಾಡಿ. ಮದ್ರಸದ ಹಸಿರು ಗೇಟು, ಭಜನಾ ಮಂದಿರದ ಮಾಡು, ತೆಂಗಿನ ತೋಟ, ತೋಡು. ಮಾಷ್ಟ್ರೇ, ಪ್ರತಿಯೊಂದಕ್ಕೂ ಹಳೆ ಹೆಸರು ಕನ್ನಡದಲ್ಲಿ, ಮಲಯಾಳದಲ್ಲಿ. ಭಜನಾ ಮಂದಿರದ ಹತ್ತಿರ ವರ್ಷಕ್ಕೊಮ್ಮೆ ಯಕ್ಷಗಾನದ ಆಟ ಆಗುವ ಗದ್ದೆ ಇದೆ. ಅಲ್ಲಿ ನಿಮ್ಮ ಕಿರೀಟ ಖಂಡಿತ ಬರುತ್ತದೆ.

ನಿನ್ನೆ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕರೆದುಕೊಂಡು ಹೆಜ್ಜೆ ಎಣಿಸಿದೆವು. ಅಜ್ಜಿಯ ಅಂಗಳದಿಂದ ತಂಗಿಯ ಅಂಗಳಕ್ಕೆ ಮೊದಲು 90 ಹೆಜ್ಜೆ ಇದ್ದಿರಬೇಕು ಎಂದು ಅವರ ಮಗ ನೆನಪಿನಿಂದ ಹೇಳಿದರು. ಈಗ ಅಂಡರ್‌ಪಾಸ್ ಸುತ್ತಿ ಹೋದರೆ 1,640. ನಾಲ್ಕನೇ ಕ್ಲಾಸಿನ ಹುಡುಗಿ ಎಣಿಸಿದ್ದು, ಎರಡು ಸಲ. ಈ ಎರಡು ಅಂಕಿ ಪ್ರತಿ ಚಿತ್ರದ ಕೆಳಗೆ ಇರುತ್ತದೆ. ಆ ಅಂಕಿಗಳನ್ನೇ ಇಟ್ಟು ಮನವಿ ಬರೆದಿದ್ದೇವೆ. ಬೇಕಾದದ್ದು ನಡೆದು ಹೋಗುವವರ ಅಂಡರ್‌ಪಾಸ್, ಮೆಟ್ಟಿಲಿಲ್ಲದ್ದು. ಮೊಗ್ರಾಲಿನ ತಮ್ಮ ಅದನ್ನು ಮಲಯಾಳಕ್ಕೆ ಮಾಡಿಕೊಟ್ಟಿದ್ದಾನೆ. ವಾರ್ಡ್ ಮೆಂಬರ್ ಗ್ರಾಮಸಭೆಯಲ್ಲಿ ಇಡುತ್ತೇನೆ ಎಂದಿದ್ದಾರೆ. ಗೋಡೆಗೆ ಬರೆಯುವ ಅನುಮತಿಗೆ ಅರ್ಜಿ ಬೇರೆ ಕೊಟ್ಟಿದ್ದೇವೆ. ಅದು ಸಿಗದಿದ್ದರೆ ಇದೇ ಚಿತ್ರಗಳನ್ನು ಬಟ್ಟೆಯಲ್ಲಿ ಬರೆದು ಎರಡೂ ಬದಿಯ ಮನೆಗಳ ಕಂಪೌಂಡಿಗೆ ಕಟ್ಟುತ್ತೇವೆ. ಕ್ಲಬ್ಬಿನ ಹುಡುಗರು ಒಪ್ಪಿದ್ದಾರೆ. ಯಾರ ಮನೆ, ಯಾರ ಅಂಗಡಿ ಬರೆಯುತ್ತೇವೋ ಅವರ ಹತ್ತಿರ ಹೋಗಿ ಕೇಳುವ ಕೆಲಸ ಈ ವಾರ ಮುಗಿಯಬೇಕು. ಒಂದು ಮನೆಯವರು ಬೇಡ ಎಂದರು. ಅಲ್ಲಿ ಬರೀ ತೆಂಗಿನ ಮರ ಬರುತ್ತದೆ.

ಇವತ್ತು ಅಜ್ಜಿಗೆ ಮೊದಲ ಸ್ಕೆಚ್ ತೋರಿಸಿದೆ. ತಂಗಿಯ ಮನೆಯ ಹಂಚಿಗೆ ಕೆಂಪು ಬಣ್ಣ ಹಾಕಿದ್ದೆ. ಕನ್ನಡಕ ಹಾಕಿ ನೋಡಿ, "ಹಂಚು ಇಷ್ಟು ಕೆಂಪಿಲ್ಲ. ಪಾಚಿ ಕಟ್ಟಿ ಕಪ್ಪಾಗಿದೆ. ಎಡಗಡೆ ಎರಡು ಹಂಚು ಹೊಸತು, ಅದು ಮಾತ್ರ ಕೆಂಪು" ಎಂದರು. ತಿದ್ದಿದ್ದೇನೆ.

ಡಿಸೆಂಬರಿಗೆ ಕಬ್ಬಿಣದ ಅಟ್ಟಣಿಗೆ ಬೇಕು. ಯಾರ ಹತ್ತಿರ ಇದೆ?

ಸಿವಿಲ್ ಕೆಲಸದವ, ಬದಿಯಡ್ಕ · ಮಂಗಳವಾರ, ರಾತ್ರಿ 9:02

ನನ್ನಲ್ಲಿ ಎರಡು ಸೆಟ್ ಇದೆ ಟೀಚರ್. ಬಾಡಿಗೆ ಬೇಡ. ಹಿಂದಿನ ದಿನ ಹೇಳಿ, ಪಿಕಪ್‌ನಲ್ಲಿ ತರುತ್ತೇನೆ.

ಪಡ್ರೆ ಕಡೆಯವಳು · ಮಂಗಳವಾರ, ರಾತ್ರಿ 9:15

ನಾನೂ ಬರುತ್ತೇನೆ. ಬ್ರಷ್ ಹಿಡಿದು ಗೊತ್ತಿಲ್ಲ. ಗೋಡೆ ಉಜ್ಜುತ್ತೇನೆ.